ಒಂದು ಬೈಟ್ ತಪ್ಪಿದರೆ

ಕೇಳುಗರಿಗೆ ನಮಸ್ಕಾರ.

ಚಿತ್ರದ ಫೈಲೊಂದನ್ನು ಬರಹದ ಎಡಿಟರ್‌ನಲ್ಲಿ ತೆರೆದು ನೋಡಿದ್ದೀರಾ? ಪರದೆ ತುಂಬ ತಲೆಬುಡವಿಲ್ಲದ ಚಿಹ್ನೆಗಳು. ಫೈಲ್ ಕೆಟ್ಟಿಲ್ಲ, ಅದು ಬೈನರಿ ಅಷ್ಟೇ. ಅಲ್ಲಿ ಇರುವುದು ಬರೀ ಬೈಟುಗಳು, ಒಂದೊಂದೂ 0ಯಿಂದ 255ರೊಳಗಿನ ಸಂಖ್ಯೆ. ಒಂದು ವಿಷಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ನಾವೇ ಎಣಿಸಿಕೊಂಡು ಹೋಗಬೇಕು.

ಪಿಎನ್‌ಜಿ ಅನ್ನುವ ಮಾದರಿಯ ಒಂದು ಚಿತ್ರವನ್ನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದೋಣ. ತೆರೆಯುವಾಗ 'ಆರ್‌ಬಿ' ಅಂತ ಕೊಡಿ, ಅಂದರೆ ಬೈನರಿಯಾಗಿ ಓದು ಅಂತ. ಆ 'ಬಿ' ಮರೆತರೆ ಪೈಥಾನ್ ಇದನ್ನೂ ಬರಹ ಅಂದುಕೊಳ್ಳುತ್ತದೆ. ಈಗ 8 ಬೈಟ್ ಓದು ಅನ್ನಿ. ಬರುವುದು 137, 80, 78, 71, 13, 10, 26, 10. ಇದರಲ್ಲಿ 80, 78, 71 ಅಂದರೆ ಪಿ, ಎನ್, ಜಿ. ಆಮೇಲಿನ 13, 10 ಅಂದರೆ ಬರಹದಲ್ಲಿ ಸಾಲು ಮುರಿಯುವ ಗುರುತು, ಸುಮ್ನೆ ಇಟ್ಟದ್ದಲ್ಲ. ಯಾವುದೋ ಪ್ರೋಗ್ರಾಂ ಫೈಲನ್ನು ಬರಹ ಅಂದುಕೊಂಡು ಸಾಲು ಮುರಿಯುವ ಗುರುತು ಬದಲಿಸಿದ್ದರೆ, ಇಲ್ಲೇ ಸಿಕ್ಕಿಬೀಳುತ್ತದೆ. ಜಾಣತನ ಅಲ್ವಾ?

ಮತ್ತೆ ಓದು ಅಂದರೆ 9ನೇ ಬೈಟಿನಿಂದ ಬರುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವುದನ್ನು ಪೈಥಾನೇ ನೆನಪಿಟ್ಟಿರುತ್ತದೆ. ಪಿಎನ್‌ಜಿ ತುಂಡುತುಂಡಾಗಿರುತ್ತದೆ. ಪ್ರತಿ ತುಂಡಿಗೂ ಮೊದಲು 4 ಬೈಟಿನಲ್ಲಿ ಉದ್ದ, ಮುಂದಿನ 4ರಲ್ಲಿ ಹೆಸರು, ಆಮೇಲೆ ಒಳಗಿನ ಮಾಹಿತಿ. ಮೊದಲ ತುಂಡಿನ ಮಾಹಿತಿ ಶುರುವಾಗುವುದೇ ಚಿತ್ರದ ಅಗಲದಿಂದ. ಇಲ್ಲಿ ಒಂದೊಂದು ಸ್ಥಾನ ಎಡಕ್ಕೆ ಹೋದಂತೆ ಬೆಲೆ 256 ಪಟ್ಟು. ಅದು 0, 0, 2, 128 ಅಂತಿದ್ದರೆ, ಎರಡು 256, ಜೊತೆಗೆ 128, ಒಟ್ಟು 640. ಇದನ್ನೇ ಹಿಂದುಮುಂದಾಗಿ ಓದಿದರೆ? ಅಗಲ 214 ಕೋಟಿ ದಾಟುತ್ತದೆ! ಅದಕ್ಕೇ ಬೈಟುಗಳನ್ನು ಸಂಖ್ಯೆಯಾಗಿಸುವ ಪೈಥಾನಿನ ಸ್ಟ್ರಕ್ಟ್ ಮಾಡ್ಯೂಲಿಗೆ ಇದು ಬಿಗ್ ಎಂಡಿಯನ್, ಅಂದರೆ ದೊಡ್ಡ ಬೆಲೆಯ ಬೈಟ್ ಮೊದಲು, ಅಂತ ಬಿಡಿಸಿ ಹೇಳಬೇಕು.

ನಾನು ಮುಗ್ಗರಿಸಿದ್ದು ಮಾತ್ರ ಬೇರೆ ಕಡೆ. ಪ್ರತಿ ತುಂಡಿನ ಕೊನೆಗೂ, ಮಾಹಿತಿ ಕೆಟ್ಟಿಲ್ಲವೇ ಅಂತ ತಾಳೆ ನೋಡುವ 4 ಬೈಟ್ ಇರುತ್ತವೆ. ಅವನ್ನು ಓದಿ ದಾಟುವುದನ್ನು ಮರೆತಿದ್ದೆ. ಆ ಬೈಟುಗಳೇ ಮುಂದಿನ ತುಂಡಿನ ಉದ್ದ ಅಂದುಕೊಂಡಿತು ನನ್ನ ಪ್ರೋಗ್ರಾಂ. ಕೋಟಿಗಟ್ಟಲೆ ಬೈಟ್ ಕೇಳಿತು. ಎರರ್ ಬಂತೇ? ಇಲ್ಲ. ಫೈಲಿನಲ್ಲಿ ಉಳಿದಿದ್ದಷ್ಟನ್ನು ಕೊಟ್ಟು ಪೈಥಾನ್ ತೆಪ್ಪಗಾಯಿತು. ಕೇಳಿದ್ದಕ್ಕಿಂತ ಕಡಿಮೆ ಇದ್ದರೆ ಇದ್ದಷ್ಟನ್ನೇ ಕೊಡುವುದು ಅದರ ರೂಢಿ. ಸಂಜೆಯೆಲ್ಲ ನಾನು ಬೇರೆ ಕಡೆ ತಪ್ಪು ಹುಡುಕುತ್ತಾ ಕೂತಿದ್ದೆ.

ಈಗ ಒಂದು ಪುಟ್ಟ ಫಂಕ್ಷನ್ ಬರೆದುಕೊಂಡಿದ್ದೇನೆ. ಕೇಳಿದಷ್ಟು ಬೈಟ್ ಬರದಿದ್ದರೆ, ಎಷ್ಟನೇ ಬೈಟಿನಲ್ಲಿ ಅಂತ ಹೇಳಿ ಅದು ಅಲ್ಲೇ ನಿಲ್ಲುತ್ತದೆ. ಎಣಿಕೆ ಸರಿಯಿದ್ದರೆ ಕೊನೆಗೆ ಐಇಎನ್‌ಡಿ ಅನ್ನುವ ತುಂಡು ಸಿಗುತ್ತದೆ, ಉದ್ದ 0. ಅದರ ತಾಳೆಯ 4 ಬೈಟ್ ದಾಟಿ ಇನ್ನೊಮ್ಮೆ ಓದಿದರೆ ಖಾಲಿ ಬರುತ್ತದೆ. ಅಲ್ಲಿಗೆ ಫೈಲ್ ಮುಗಿಯಿತು.