ಚಪ್ಪಾಳೆ ಬೀಳೋದು ಯಾವ ಮಾತಿಗೆ?

[ಸ್ಕ್ರೀನ್: ತುಂಬಿದ ಸಭೆ, ಚಪ್ಪಾಳೆಯ ಸದ್ದು. ಮೂಲೆಯಲ್ಲಿ ಸ್ಟಾಪ್‌ವಾಚ್.]

ಎಂಟು ಸೆಕೆಂಡ್. ರಾಜಕೀಯ ಭಾಷಣದ ಮಧ್ಯೆ ಬೀಳುವ ಮಾಮೂಲಿ ಚಪ್ಪಾಳೆ ಹೆಚ್ಚು ಕಡಿಮೆ ಇಷ್ಟೇ ಹೊತ್ತು ಇರುತ್ತದೆ. ಏಳಕ್ಕಿಂತ ಮೊದಲೇ ನಿಂತರೆ ಸಪ್ಪೆ ಅನಿಸುತ್ತದೆ, ಒಂಬತ್ತು ದಾಟಿದರೆ ಭರ್ಜರಿ.

ಇದನ್ನೆಲ್ಲ ಕೂತು ಅಳೆದವರು ಮ್ಯಾಕ್ಸ್ ಅಟ್ಕಿನ್ಸನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ. ಕೋರ್ಟಿನಲ್ಲಿ ವಕೀಲರು, ಸಾಕ್ಷಿಗಳು ಹೇಗೆ ಮಾತಾಡುತ್ತಾರೆ ಅಂತ ಮೊದಲು ಅಧ್ಯಯನ ಮಾಡಿದವರು. ಆಮೇಲೆ ರಾಜಕಾರಣಿಗಳ ಭಾಷಣದ ಟೇಪ್‌ಗಳನ್ನು ಹಿಡಿದು ಕೂತರು. 1984ರಲ್ಲಿ ‘ಅವರ್ ಮಾಸ್ಟರ್ಸ್ ವಾಯ್ಸಸ್’ ಎಂಬ ಪುಸ್ತಕ ಬಂತು.

ಅವರ ಪ್ರಶ್ನೆ ಕೇಳೋಕೆ ಸುಲಭ. ಸಭೆಯಲ್ಲಿ ಸಾವಿರ ಜನ ಇದ್ದಾರೆ. ಎಲ್ಲರೂ ಒಟ್ಟಿಗೆ ಚಪ್ಪಾಳೆ ಶುರು ಮಾಡೋದು ಹೇಗೆ?

ಟೇಪ್ ಕೇಳಿದರೆ ಇದು ಎಂಥ ಸೋಜಿಗ ಅಂತ ಗೊತ್ತಾಗುತ್ತದೆ. ಮಾತು ಮುಗಿದು ಅರ್ಧ ಸೆಕೆಂಡ್ ಕೂಡ ಆಗಿರೋದಿಲ್ಲ, ಚಪ್ಪಾಳೆ ಬಿದ್ದಿರುತ್ತದೆ. ಎಷ್ಟೋ ಸಲ ಕೊನೆಯ ಪದ ಬಾಯಲ್ಲಿ ಇರುವಾಗಲೇ ಶುರುವಾಗಿರುತ್ತದೆ. ಮಾತನ್ನು ಪೂರ್ತಿ ಕೇಳಿ, ಯೋಚಿಸಿ, ಒಪ್ಪಿ, ಆಮೇಲೆ ಕೈ ಎತ್ತೋಕೆ ಅಷ್ಟು ಸಮಯ ಸಾಲದು. ಒಬ್ಬರೇ ಚಪ್ಪಾಳೆ ತಟ್ಟಿ ಪೆಚ್ಚಾಗೋದೂ ಯಾರಿಗೂ ಬೇಡ. ಅಂದರೆ, ಮಾತು ಎಲ್ಲಿ ಮುಗಿಯುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಾಗುತ್ತಿದೆ. ಆ ಸೂಚನೆ ಕೊಡುತ್ತಿರುವುದು ವಾಕ್ಯದ ಕಟ್ಟಡ.

ಕರ್ನಾಟಕ ಸಂಗೀತದ ಕಚೇರಿಗೆ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ಮೃದಂಗದವರು ತನಿ ಆವರ್ತನದ, ಅಂದರೆ ತಾವೊಬ್ಬರೇ ನುಡಿಸುವ ಭಾಗದ, ಕೊನೆಗೆ ಮುಕ್ತಾಯವನ್ನು ಮೂರು ಸಲ ನುಡಿಸುತ್ತಾರೆ. ತಾಳದ ಲೆಕ್ಕ ಬಾರದವರೂ ಮೂರನೆಯದಕ್ಕೆ ಕೈ ರೆಡಿ ಮಾಡಿಕೊಂಡಿರುತ್ತಾರೆ, ಅಲ್ವಾ?

ಭಾಷಣದಲ್ಲೂ ಮೂರರದ್ದೇ ದರ್ಬಾರು. 1863ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಹೇಳಿದ್ದು: ಜನರ, ಜನರಿಂದ, ಜನರಿಗಾಗಿ. 1996ರಲ್ಲಿ ಟೋನಿ ಬ್ಲೇರ್ ಒಂದೇ ಪದವನ್ನು ಮೂರು ಸಲ ಹೇಳಿ ಕೆಲಸ ಮುಗಿಸಿದರು: ಎಜುಕೇಶನ್, ಎಜುಕೇಶನ್, ಎಜುಕೇಶನ್. ನನಗೆ ಇಷ್ಟವಾದ ಉದಾಹರಣೆ ಮಾತ್ರ ಚರ್ಚಿಲ್ ಅವರದ್ದು. 1940ರ ಮೇ 13ರಂದು ಅವರು ನಾಲ್ಕು ಕೊಡುತ್ತೇನೆ ಅಂದಿದ್ದರು: ರಕ್ತ, ದುಡಿಮೆ, ಕಣ್ಣೀರು, ಬೆವರು. ಜನ ದುಡಿಮೆಯನ್ನು ಬಿಟ್ಟುಬಿಟ್ಟರು. ಇವತ್ತಿಗೂ ಎಲ್ಲರ ಬಾಯಲ್ಲಿ ಇರೋದು ಮೂರೇ.

ಎರಡನೇ ತಂತ್ರ, ಎದುರು ಬದುರು ಇಡೋದು.

[ಸ್ಕ್ರೀನ್: ಬ್ರೈಟನ್, 10 ಅಕ್ಟೋಬರ್ 1980]

ಬ್ರಿಟನ್‌ನಲ್ಲಿ ಆಗ ನಿರುದ್ಯೋಗಿಗಳು 20 ಲಕ್ಷ ದಾಟಿದ್ದರು. ಪ್ರಧಾನಿ ಮಾರ್ಗರೇಟ್ ಥ್ಯಾಚರ್ ತಮ್ಮ ಆರ್ಥಿಕ ನೀತಿ ಬಿಟ್ಟು ಯೂ ಟರ್ನ್ ಹೊಡೆಯುತ್ತಾರೆ ಅಂತ ಪತ್ರಿಕೆಗಳು ಕಾಯುತ್ತಿದ್ದವು. ಅಂಥವರಿಗೆ ನಾನು ಹೇಳೋದು ಒಂದೇ ಮಾತು ಅಂದರು ಥ್ಯಾಚರ್. ಆಮೇಲೆ: ‘ಬೇಕಾದರೆ ನೀವು ತಿರುಗಿ. ಈ ಹೆಂಗಸು ತಿರುಗೋಳಲ್ಲ.’

ಇಲ್ಲಿ ಹೆಣೆದದ್ದು ನೋಡಿ. ಒಂದೇ ಮಾತು ಅಂತ ಮೊದಲೇ ಹೇಳಿ ಕಿವಿ ನಿಮಿರಿಸಿದರು. ನೀವು ಅಂದ ಕೂಡಲೇ ‘ನಾನು’ ಬರಲೇಬೇಕು. ಹಾಗಾಗಿ ಎರಡನೇ ಅರ್ಧ ಎಲ್ಲಿ ನಿಲ್ಲುತ್ತದೆ ಅಂತ ಸಭೆಗೆ ಗೊತ್ತು. ಈ ಸಾಲು ಬರೆದುಕೊಟ್ಟವರು ರೊನಾಲ್ಡ್ ಮಿಲ್ಲರ್ ಎಂಬ ನಾಟಕಕಾರ. ಸುಮ್ನೆ ಅಲ್ಲ. ಚಪ್ಪಾಳೆ ಎಲ್ಲಿ ಬೀಳಬೇಕು ಅನ್ನೋದು ನಾಟಕದವರಿಗಿಂತ ಜಾಸ್ತಿ ಯಾರಿಗೆ ಗೊತ್ತು?

ಸರಿ, ಇದೆಲ್ಲ ದೊಡ್ಡ ನಾಯಕರ ವರ್ಚಸ್ಸಿನ ಫಲ ಅಂತ ನೀವು ಹೇಳಬಹುದು. 1984ರಲ್ಲಿ ಬ್ರಿಟನ್‌ನ ಟಿವಿಯವರು ಅದನ್ನೇ ಪರೀಕ್ಷೆಗೆ ಹಚ್ಚಿದರು. ಎಸ್‌ಡಿಪಿ (ಸೋಶಿಯಲ್ ಡೆಮಾಕ್ರಟಿಕ್ ಪಾರ್ಟಿ) ಪಕ್ಷದ ಆನ್ ಬ್ರೆನ್ನನ್ ಎಂಬ ಸಾಮಾನ್ಯ ಸದಸ್ಯೆ, ದೊಡ್ಡ ವೇದಿಕೆಗೆ ಹೊಸಬರು. ಅಟ್ಕಿನ್ಸನ್ ಈಕೆಯ ಭಾಷಣವನ್ನು ಮೂರರ ಪಟ್ಟಿಗಳಿಂದ, ಎದುರು ಬದುರು ಸಾಲುಗಳಿಂದ ಕಟ್ಟಿಸಿದರು. ಬಕ್ಸ್‌ಟನ್‌ನಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಬ್ರೆನ್ನನ್ ಮಾತಾಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನ ತಯಾರಿ ಆ ಸಭೆಗೆ ಗೊತ್ತಿರಲಿಲ್ಲ.

ಒಂದು ಪುಸ್ತಕ, ಒಂದು ಟಿವಿ ಕಾರ್ಯಕ್ರಮ ನಂಬಿ ಕೂರಬೇಡಿ ಅಂತೀರಾ? ಜಾನ್ ಹೆರಿಟೇಜ್, ಡೇವಿಡ್ ಗ್ರೇಟ್‌ಬ್ಯಾಚ್ ಎಂಬ ಇಬ್ಬರು 1981ರ ಬ್ರಿಟಿಷ್ ಪಕ್ಷ ಸಮ್ಮೇಳನಗಳ 476 ಭಾಷಣಗಳನ್ನು ಜಾಲಾಡಿದರು. ಇಂಥ ಏಳು ತಂತ್ರಗಳನ್ನು ಗುರುತಿಸಿದರು. ಮೂರನೇ ಎರಡು ಭಾಗದಷ್ಟು ಚಪ್ಪಾಳೆಗಳು ಬಿದ್ದದ್ದು ಆ ಏಳರ ಬೆನ್ನಿಗೇ.

ಹಾಗಂತ ಇದು ಲೋಕಕ್ಕೆಲ್ಲ ಒಂದೇ ಸೂತ್ರ ಅಲ್ಲ. ಪೀಟರ್ ಬುಲ್, ಓಫರ್ ಫೆಲ್ಡ್‌ಮನ್ ಜಪಾನಿನ ಚುನಾವಣಾ ಭಾಷಣಗಳನ್ನು ನೋಡಿದಾಗ ಚಿತ್ರ ಬೇರೆಯೇ ಇತ್ತು. ಅಲ್ಲಿ ಅಭ್ಯರ್ಥಿಗಳು ಬೆಂಬಲ ಕೊಡಿ, ದಯವಿಟ್ಟು ಅಂತ ನೇರವಾಗಿ ಕೇಳುತ್ತಾರೆ. ಚಪ್ಪಾಳೆ ಜಾಸ್ತಿ ಬೀಳೋದು ಆ ಕೋರಿಕೆಗೇ.

ನಮ್ಮ ಕಡೆ? ಚಿಕ್ಕಮಗಳೂರು, ನವೆಂಬರ್ 1978. ಲೋಕಸಭೆ ಉಪಚುನಾವಣೆ. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಹುಟ್ಟಿದ ಘೋಷಣೆ: ‘ಏಕ್ ಶೇರ್‌ನಿ, ಸೌ ಲಂಗೂರ್, ಚಿಕ್ಕಮಗಳೂರ್, ಚಿಕ್ಕಮಗಳೂರ್.’ ಒಂದು ಹೆಣ್ಣು ಸಿಂಹ, ನೂರು ಮುಸುವ. ಎದುರು ಬದುರೂ ಇದೆ, ಪ್ರಾಸವೂ ಇದೆ, ಕೊನೆಗೆ ಜನ ಕೂಗೋಕೆ ಊರಿನ ಹೆಸರೂ ಇದೆ. ಕಾಫಿ ತೋಟದ ಊರಿಗೆ ಹಿಂದಿಯ ಘೋಷಣೆ, ಆದರೂ ನಿಂತಿತು.

ಇಂದಿರಾ ಗೆದ್ದದ್ದು ಈ ಸಾಲಿನಿಂದ ಅಂತ ಕೆಲವರು ಹೇಳೋದುಂಟು. ನನಗೆ ಹಾಗನಿಸುವುದಿಲ್ಲ. ಹಿಂದಿನ ವರ್ಷ, ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲ ಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಸೀಟು ಅವರದ್ದೇ ಆಗಿತ್ತು. ದೇವರಾಜ ಅರಸು ಭೂಸುಧಾರಣೆ ಮಾಡಿದ್ದರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು ಸುಮ್ನೆ ಆರಿಸಿದ್ದಲ್ಲ. ಘೋಷಣೆ ಹುಟ್ಟುವ ಮೊದಲೇ ಅಲ್ಲಿನ ಲೆಕ್ಕ ಹೆಚ್ಚು ಕಡಿಮೆ ಆಗಿತ್ತು.