ಅಪಘಾತವಾದ ಹಳೆಯ ಕಾರು: ಕೊಳ್ಳಬೇಕೆ, ಬಿಡಬೇಕೆ?

ಕೇಳುಗರಿಗೆ ನಮಸ್ಕಾರ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಮಾರುವವರಿಂದ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು ‘ಗಾಡಿಗೆ ಒಂದೂ ಆಕ್ಸಿಡೆಂಟ್ ಇಲ್ಲ’ ಎಂಬುದು. ನಮ್ಮ ರಸ್ತೆಗಳಲ್ಲಿ ಏಳೆಂಟು ವರ್ಷ ಓಡಿದ ಕಾರಿಗೆ ಎಲ್ಲಿಯೂ ಪೆಟ್ಟು ತಗುಲಿಲ್ಲವೆಂದರೆ ನಂಬುವುದು ಕಷ್ಟ. ಆದ್ದರಿಂದ ಪೆಟ್ಟು ಎಲ್ಲಿ ಬಿತ್ತು, ಎಷ್ಟು ಒಳಗೆ ಹೋಯಿತು, ರಿಪೇರಿಯನ್ನು ಯಾರು ಯಾವ ರೀತಿಯಲ್ಲಿ ಮಾಡಿದರು ಎಂದು ಕೇಳುವುದೇ ಸರಿ. ಸಾಲಸೋಲ ಮಾಡಿ ಮನೆಗೊಂದು ಕಾರು ತರುವ ಕುಟುಂಬಕ್ಕೆ ಈ ಪ್ರಶ್ನೆಗಳ ಉತ್ತರ ತಿಳಿದಿರಲೇಬೇಕು. ಏಕೆಂದರೆ ಆ ಕಾರಿನಲ್ಲಿ ಹಣ ಮಾತ್ರವಲ್ಲ, ಮಕ್ಕಳು ಮರಿಗಳೂ ಕೂರುತ್ತಾರೆ.

ಇಂದಿನ ಬಹುಪಾಲು ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಉಕ್ಕಿನ ತಗಡುಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಅಪಘಾತವಾದಾಗ ಬಾಡಿಯ ಮುಂಭಾಗವು ಲೆಕ್ಕಾಚಾರದಂತೆ ಮಡಚಿಕೊಂಡು ಗುದ್ದಿನ ಶಕ್ತಿಯನ್ನು ತಾನೇ ತೆಗೆದುಕೊಳ್ಳಬೇಕು, ಜನ ಕುಳಿತಿರುವ ಭಾಗ ಮಾತ್ರ ಆಕಾರ ಕೆಡದೆ ಉಳಿಯಬೇಕು ಎಂಬ ಉದ್ದೇಶದಿಂದ ಅದನ್ನು ರೂಪಿಸಿರುತ್ತಾರೆ. ಬಂಪರ್, ಬಾನೆಟ್, ಮುಂದಿನ ಫೆಂಡರ್, ಬಾಗಿಲು ಇವೆಲ್ಲ ಬೋಲ್ಟ್ ಹಾಕಿ ಕೂರಿಸಿದ ಭಾಗಗಳು. ಪೆಟ್ಟು ಇವಕ್ಕಷ್ಟೇ ಬಿದ್ದು, ಇವನ್ನು ಬದಲಾಯಿಸಿದ್ದರೆ ಕಾರಿನ ಗಟ್ಟಿತನಕ್ಕೆ ಹೇಳಿಕೊಳ್ಳುವಂಥ ಕುಂದು ಬರುವುದಿಲ್ಲ. ಅಂಥ ಕಾರನ್ನು ಚೌಕಾಸಿ ಮಾಡಿ ಕೊಳ್ಳಬಹುದು. ಆದರೆ ಎಂಜಿನ್ನಿನ ಎರಡೂ ಬದಿಯ ಒಳತಗಡು ಅಂದರೆ ಏಪ್ರನ್, ಅದರ ಕೆಳಗೆ ಉದ್ದಕ್ಕೆ ಹಾಯುವ ಚಾಸಿ ಭಾಗ, ಬಾಗಿಲುಗಳ ನಡುವಿನ ಪಿಲ್ಲರ್, ಛಾವಣಿ, ನೆಲದ ತಗಡು ಇವುಗಳಿಗೆ ಪೆಟ್ಟು ಬಿದ್ದಿದ್ದರೆ ಮಾತೇ ಬೇರೆ. ಇವನ್ನು ಎಳೆದು, ಕಾಯಿಸಿ, ಬಡಿದು ನೇರ ಮಾಡಿದರೆ ಕಣ್ಣಿಗೆ ಮೊದಲಿನಂತೆಯೇ ಕಾಣಬಹುದು. ಆದರೆ ಹೆಚ್ಚು ಬಲದ ಉಕ್ಕನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದಾಗ ಅದರ ಬಲ ಕುಗ್ಗುತ್ತದೆ, ಮುಂದೊಮ್ಮೆ ಗುದ್ದಿದಾಗ ಅದು ಮಡಚಬೇಕಾದ ರೀತಿಯಲ್ಲಿ ಮಡಚುವುದಿಲ್ಲ. ಇಂಥ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಒಳಗಿನ ಪೆಟ್ಟನ್ನು ಗುರುತಿಸುವುದು ಹೇಗೆ? ಕಾರನ್ನು ಹಗಲು ಬೆಳಕಿನಲ್ಲಿ, ತೊಳೆದು ಒಣಗಿದ ಮೇಲೆ ನೋಡಿ. ಬಾನೆಟ್ ಎತ್ತಿ, ಅದರ ಹಿಂಜುಗಳಲ್ಲಿರುವ ಮತ್ತು ಫೆಂಡರ್‌ಗಳ ಮೇಲಂಚಿನಲ್ಲಿರುವ ಬೋಲ್ಟುಗಳನ್ನು ಗಮನಿಸಿ. ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಬೋಲ್ಟುಗಳಿಗೂ ಬಾಡಿಯ ಜೊತೆಗೇ ಬಣ್ಣ ಬಿದ್ದಿರುತ್ತದೆ. ಸ್ಪ್ಯಾನರ್ ತಾಗಿದ್ದರೆ ಅವುಗಳ ಮೂಲೆಗಳಲ್ಲಿ ಬಣ್ಣ ಕಿತ್ತು ಬಿಳಿ ಲೋಹ ಕಾಣುತ್ತದೆ. ಬೋಲ್ಟು ಬಿಚ್ಚಿದ್ದಾರೆಂದ ಮಾತ್ರಕ್ಕೆ ಕಾರನ್ನು ತಳ್ಳಿಹಾಕಬೇಕಿಲ್ಲ, ಏಕೆಂದರೆ ಬಾನೆಟ್ ಒಂದನ್ನೇ ಬದಲಿಸಿರಲೂಬಹುದು. ಅಲ್ಲಿಂದ ಕಣ್ಣನ್ನು ಕೆಳಗಿನ ಏಪ್ರನ್ ಕಡೆಗೆ ಇಳಿಸಿ. ಕಾರ್ಖಾನೆಯ ಬೆಸುಗೆಯ ಗುರುತುಗಳು ಸಮ ಅಂತರದಲ್ಲಿ ಕಾಣುವ ಪುಟ್ಟ ದುಂಡನೆಯ ತಗ್ಗುಗಳಂತಿರುತ್ತವೆ. ಒಂದು ಬದಿಯಲ್ಲಿ ಅವು ಸ್ಪಷ್ಟವಾಗಿದ್ದು, ಇನ್ನೊಂದು ಬದಿಯಲ್ಲಿ ಪುಟ್ಟಿಯ ಕೆಳಗೆ ಮುಚ್ಚಿಹೋಗಿದ್ದರೆ ಅಥವಾ ಅಂಕುಡೊಂಕಾದ ದಪ್ಪ ವೆಲ್ಡಿಂಗ್ ಗೆರೆ ಕಂಡರೆ, ಆ ಭಾಗವನ್ನು ಕತ್ತರಿಸಿ ಕೂಡಿಸಿದ್ದಾರೆಂದು ತಿಳಿಯಬೇಕು.

ಪಿಲ್ಲರ್‌ಗಳ ಪರೀಕ್ಷೆ ಇನ್ನೂ ಸುಲಭ, ಆದರೆ ಇದನ್ನು ಮಾಡುವವರು ಕಡಿಮೆ. ಬಾಗಿಲು ತೆರೆದರೆ ಚೌಕಟ್ಟಿನ ಸುತ್ತ ಕಪ್ಪು ರಬ್ಬರ್ ಬೀಡಿಂಗ್ ಕಾಣುತ್ತದೆ. ಮಾರುವವರನ್ನು ಕೇಳಿ, ಅದನ್ನು ಕೈಯಿಂದಲೇ ಒಂದು ಗೇಣಿನಷ್ಟು ಕಳಚಿದರೆ ಒಳಗಿನ ತಗಡಿನ ಅಂಚಿನಲ್ಲಿ ಅದೇ ದುಂಡನೆಯ ಬೆಸುಗೆ ಗುರುತುಗಳು ಸಾಲಾಗಿ ಕಾಣಬೇಕು. ಎದುರು ಬಾಗಿಲಿನಲ್ಲೂ ಅಷ್ಟೇ ಜಾಗ ಬಿಚ್ಚಿ ಹೋಲಿಸಿ. ನೋಡಿದ ಮೇಲೆ ಬೀಡಿಂಗನ್ನು ಒತ್ತಿದರೆ ಮತ್ತೆ ಕೂರುತ್ತದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಸ್ಟೆಪ್ನಿ ಇಡುವ ಗುಂಡಿಯೇ ಸಾಕ್ಷಿ. ಅಲ್ಲಿನ ತಗಡು ಸುಕ್ಕುಗಟ್ಟಿರುತ್ತದೆ ಅಥವಾ ಹೊಸದಾಗಿ ಕಪ್ಪು ಬಣ್ಣ ಬಳಿದುಕೊಂಡಿರುತ್ತದೆ.

ಏರ್‌ಬ್ಯಾಗಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 2019ರ ಜುಲೈನಿಂದ ನಮ್ಮಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ ಈಗ ಮಾರಾಟಕ್ಕೆ ಬರುವ ಎಷ್ಟೋ ಕಾರುಗಳಲ್ಲಿ ಅದು ಇದ್ದೇ ಇರುತ್ತದೆ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಬಳಸಲಾಗದು, ಹೊಸದಕ್ಕೆ ಬೆಲೆ ಹೆಚ್ಚು. ಆದ್ದರಿಂದ ಮುಚ್ಚಳವನ್ನು ಮಾತ್ರ ಹೊಸದಾಗಿ ಕೂರಿಸಿ ಒಳಗೆ ಏನೂ ಇಡದೆ ಮಾರುವ ಮೋಸವೂ ನಡೆಯುತ್ತದೆ. ಕೀಲಿ ತಿರುಗಿಸಿದೊಡನೆ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ ಎಂದರ್ಥ. ಹೊತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ದೀಪವನ್ನೇ ಕಿತ್ತಿರುವ ಸಂಭವವಿದೆ. ದೀಪವನ್ನೂ ಮರುಳು ಮಾಡುವವರಿರುವುದರಿಂದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ ನೋಡುವುದು ಕ್ಷೇಮ. ಮುಂದಿನ ಸೀಟು ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ಬಿಡಿ. ಜೋರಾಗಿ ಗುದ್ದಿದ ಕಾರಿನಲ್ಲಿ ಅವು ಅಂಟಿಕೊಂಡಂತೆ ಬಿಗಿಯಾಗಿರಬಹುದು. ಬೆಲ್ಟಿನ ಬುಡದಲ್ಲಿರುವ ಚೀಟಿಯ ಇಸವಿ ಕಾರಿನ ಇಸವಿಗಿಂತ ಹೊಸದಾಗಿದ್ದರೆ ಕಾರಣ ಕೇಳಿ.

ಓಡಿಸಿ ನೋಡುವಾಗ ಕಾರು ಒಂದು ಬದಿಗೆ ಎಳೆಯುತ್ತದೆಯೇ, ಟಯರುಗಳು ಒಂದೇ ಅಂಚಿನಲ್ಲಿ ಸವೆದಿವೆಯೇ ಎಂದು ಗಮನಿಸುವುದು ಎಲ್ಲರಿಗೂ ಗೊತ್ತು. ನಾನು ಹೇಳುವುದು ಇಷ್ಟೇ: ಮುಂಗಡ ಕೊಡುವ ಮೊದಲು ನಿಮ್ಮದೇ ಖರ್ಚಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅಲ್ಲಿ ಕೊಡುವ ಅಚ್ಚಾದ ಹಾಳೆಯನ್ನು ಓದಿಸಿಕೊಳ್ಳಿ. ಎಷ್ಟು ತಿರುಗಿಸಿದರೂ ಅಳತೆ ಮಿತಿಯೊಳಗೆ ಬರುವುದಿಲ್ಲವೆಂದು ಅಂಗಡಿಯವರು ಹೇಳಿದರೆ, ಸಸ್ಪೆನ್ಷನ್ನಿನ ಭಾಗವೋ ಅದನ್ನು ಹಿಡಿದಿರುವ ಬಾಡಿಯೋ ಬಾಗಿರಬಹುದು. ಅದು ಯಾವುದೆಂದು ಇತ್ಯರ್ಥವಾಗುವವರೆಗೆ ಹಣ ಕೊಡಬೇಡಿ.

ಇನ್ನು ಕಾಗದಪತ್ರ. ಆರ್‌ಸಿಯಲ್ಲಿ ಅಪಘಾತದ ವಿವರ ಇರುವುದಿಲ್ಲ, ಆದರೆ ವಿಮಾ ಪಾಲಿಸಿಯಲ್ಲಿ ಸುಳಿವು ಸಿಗುತ್ತದೆ. ಕ್ಲೇಮ್ ಮಾಡದ ಮಾಲೀಕರಿಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮೊದಲ ವರ್ಷದ ನಂತರ ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುತ್ತದೆ. ಐದಾರು ವರ್ಷ ಒಬ್ಬರ ಕೈಯಲ್ಲೇ ಇದ್ದ ಕಾರಿನ ಪಾಲಿಸಿಯಲ್ಲಿ ಆ ಬೋನಸ್ ಸೊನ್ನೆಯಾಗಿದ್ದರೆ, ಇತ್ತೀಚೆಗೆ ಕ್ಲೇಮ್ ಆಗಿರಬಹುದು ಅಥವಾ ಪಾಲಿಸಿಯನ್ನು ನವೀಕರಿಸದೆ ತೊಂಬತ್ತು ದಿನ ಮೀರಿರಬಹುದು. ಬೋನಸ್ ಪೂರ್ತಿ ಇದ್ದರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಕೈಯಿಂದ ಹಣ ಕೊಟ್ಟು ಟಿಂಕರಿಂಗ್ ಮಾಡಿಸಿದ್ದರೆ ಅದು ಯಾವ ದಾಖಲೆಗೂ ಬರುವುದಿಲ್ಲ. ರಿಪೇರಿಯ ವೆಚ್ಚ ವಿಮಾ ಮೌಲ್ಯದ ಶೇ. 75ನ್ನು ಮೀರಿದರೆ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಅಂಥ ಕಾರುಗಳಲ್ಲಿ ಕೆಲವನ್ನು ಕೊಂಡವರು ರಿಪೇರಿ ಮಾಡಿಸಿ ಮತ್ತೆ ಮಾರುಕಟ್ಟೆಗೆ ತರುತ್ತಾರೆ. ಆದ್ದರಿಂದ ಹಳೆಯ ಪಾಲಿಸಿಗಳನ್ನೂ ಸರ್ವಿಸ್ ಸೆಂಟರಿನ ಬಿಲ್ಲುಗಳನ್ನೂ ಕೇಳಿ ಪಡೆಯಿರಿ, ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ನಂಬರಿನ ಸುತ್ತ ಉಜ್ಜಿದ ಅಥವಾ ಬೆಸೆದ ಗುರುತಿದ್ದರೆ ಅಲ್ಲಿಂದ ಹೊರಟುಬಿಡಿ.

ಅಪಘಾತವಾಗಿದೆ ಎಂದು ತಾವಾಗಿಯೇ ಹೇಳಿ, ಯಾವ ಭಾಗ ಬದಲಾಯಿಸಿದೆವೆಂದು ಬಿಲ್ಲನ್ನೂ ರಿಪೇರಿಗೆ ಮುಂಚಿನ ಫೋಟೋವನ್ನೂ ತೋರಿಸುವ ಮಾಲೀಕರು ಸಿಕ್ಕರೆ, ‘ಒಂದೂ ಪೆಟ್ಟಿಲ್ಲ’ ಎನ್ನುವವರ ಹೊಳೆಯುವ ಕಾರಿಗಿಂತ ಅವರ ಕಾರನ್ನೇ ನಾನು ಮೊದಲು ನೋಡುತ್ತೇನೆ. ಅಲ್ಲಿ ಬೆಲೆ ಇಳಿಸಿ ಎಂದು ಕೇಳಲು ನಿಮಗೆ ನ್ಯಾಯವಾದ ಕಾರಣವೂ ಇದೆ, ಏಕೆಂದರೆ ನಾಳೆ ನೀವು ಮಾರುವಾಗಲೂ ಆ ಅಪಘಾತದ ವಿಷಯ ತಿಳಿಸಲೇಬೇಕಾಗುತ್ತದೆ. ವ್ಯಾಪಾರ ಕುದುರಿದ ಮೇಲೆ, ಬಾಡಿಯ ಒಳಭಾಗಕ್ಕೆ ಪೆಟ್ಟು ಬಿದ್ದಿಲ್ಲ, ಕಾರು ಟೋಟಲ್ ಲಾಸ್ ಆಗಿರಲಿಲ್ಲ ಎಂಬ ಮಾತನ್ನು ಕರಾರಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಆರ್‌ಟಿಒ ಕಚೇರಿಗೆ ಸಲ್ಲಿಸುವ ಹೊಣೆಯನ್ನು ಮಧ್ಯವರ್ತಿಗೆ ಬಿಟ್ಟು ಸುಮ್ಮನಾಗಬೇಡಿ, ವರ್ಗಾವಣೆಯಾದ 14 ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಕೊಡುವಂತೆ ವಿಮಾ ಕಂಪನಿಗೆ ಅರ್ಜಿ ಕೊಡಿ. ಪಾಲಿಸಿ ಹಿಂದಿನ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ, ನಿಮ್ಮ ಕಾರಿಗೆ ಆಗುವ ಹಾನಿಯ ಕ್ಲೇಮನ್ನು ಕಂಪನಿ ತಿರಸ್ಕರಿಸಬಹುದು.