ಮೊದಲು ತೂಕ ನೋಡಿ

ನಮಸ್ಕಾರ. ಕಲಬುರಗಿಯ ಬಿಸಿಲಿನಿಂದ ಮಾತನಾಡುತ್ತಿದ್ದೇನೆ. ಇವತ್ತಿನ ವಿಷಯ ಫ್ರಂಟ್ ರೆಸ್ಟ್, ಅಂದರೆ ಗುರಿ ಹಿಡಿಯುವಾಗ ರೈಫಲ್‌ನ ಮುಂಭಾಗಕ್ಕೆ ಕೊಡುವ ಆಸರೆ.

ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತರಿಸಿದ್ದೆ. ಮೂರು ಕಾಲು, ನಾಲ್ಕು ತಿರುಪು, ಹೊಳೆಯುವ ಬಣ್ಣ. ಎತ್ತಿದರೆ ತುಂಬಿದ ನೀರಿನ ಬಾಟಲಿಯಷ್ಟೂ ಭಾರವಿಲ್ಲ. ಸ್ಕೋಪಿಗೆ ಕಣ್ಣಿಟ್ಟು ತಿರುಪನ್ನು ಮುಟ್ಟಿದರೆ ಸಾಕು, ಗುರಿ ಪಕ್ಕಕ್ಕೆ ಜಿಗಿಯುತ್ತಿತ್ತು. ಬೆರಳು ತೆಗೆದರೂ ಹಳೆಯ ಜಾಗಕ್ಕೆ ಬರುತ್ತಿರಲಿಲ್ಲ.

10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್, ಹೊಡೆಯುವ ಪೆಲೆಟ್, ಅಂದರೆ ಪುಟ್ಟ ಗುಂಡು, 4.5. ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕು, ಆಸರೆ ಕೊಡುವಂತಿಲ್ಲ, ನಿಜ. ಆದರೆ ಯಾವ ಪೆಲೆಟ್ ನಿಮ್ಮ ನಳಿಕೆಗೆ ಒಗ್ಗುತ್ತದೆಂದು ಪರೀಕ್ಷಿಸುವಾಗ, ತಪ್ಪು ಕೈಯದೋ ಪೆಲೆಟ್ಟಿನದೋ ತಿಳಿಯಬೇಕಲ್ಲ? ರೆಸ್ಟ್ ಬೇಕಾಗುವುದು ಅದಕ್ಕೆ. ಅದೇ ಅಲುಗಾಡಿದರೆ ಮೂರನೆಯ ಆರೋಪಿ ಹುಟ್ಟಿಕೊಂಡಂತೆ.

ಹಾಗಾಗಿ ಕೊಳ್ಳುವುದಾದರೆ ಎರಕದ ಕಬ್ಬಿಣದ ಭಾರದ ತಳವಿರುವುದನ್ನೇ ಕೊಳ್ಳಿ, ತಿರುಪುಗಳು ಕಡಿಮೆಯಿದ್ದರೂ ಚಿಂತೆಯಿಲ್ಲ. ಅಷ್ಟು ಹಣವಿಲ್ಲವೇ? ಮರಳಿನ ಚೀಲ ಸಾಕು. ನಾನು ಹಳೆಯ ಜೀನ್ಸಿನ ಕಾಲು ಕತ್ತರಿಸಿ ದರ್ಜಿಯ ಹತ್ತಿರ ಎರಡೆರಡು ಹೊಲಿಗೆ ಹಾಕಿಸಿದೆ. ಮರಳನ್ನು ತೊಳೆದು, ಜರಡಿ ಹಿಡಿದು, ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿದೆ. ಹಸಿಯಿದ್ದರೆ ಬಟ್ಟೆ ಕೊಳೆಯುತ್ತದೆ. ಗೆಳೆಯನೊಬ್ಬ ತೊಗರಿ ತುಂಬಿಸಿದ್ದ. ನಮ್ಮ ಜಿಲ್ಲೆಯ ಅಭಿಮಾನ ಮೆಚ್ಚತಕ್ಕದ್ದೇ, ಹುಳಗಳಿಗೂ ಅದು ಮೆಚ್ಚುಗೆಯಾಯಿತು.

ಚೀಲದಡಿಗೆ ಶಹಾಬಾದ್ ಕಲ್ಲಿನ ತುಂಡೊಂದನ್ನು ಇಟ್ಟಿದ್ದೇನೆ. ಮನೆ ಕಟ್ಟುವಲ್ಲಿ ಉಳಿದ ಚೂರು, ಕಾಸು ಖರ್ಚಿಲ್ಲ. ಚೀಲದ ನಡುವೆ ಮುಷ್ಟಿಯಿಂದ ಗುದ್ದಿ ತಗ್ಗು ಮಾಡಿ, ಅದರಲ್ಲಿ ರೈಫಲ್‌ನ ಮುಂಗಟ್ಟಿಗೆಯನ್ನು, ಅಂದರೆ ನಳಿಕೆಯ ಕೆಳಗೆ ಕೈಯಿಟ್ಟು ಹಿಡಿಯುವ ಭಾಗವನ್ನು, ಕೂರಿಸುತ್ತೇನೆ. ನಳಿಕೆಯನ್ನು ಮಾತ್ರ ಎಂದಿಗೂ ಚೀಲಕ್ಕೆ ತಾಗಿಸಬೇಡಿ, ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಸ್ಪ್ರಿಂಗ್ ರೈಫಲ್, ಅಂದರೆ ಒಳಗಿನ ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಹೊಡೆಯುವ ಏರ್ ರೈಫಲ್, ಇರುವವರಿಗೆ ಒಂದು ಮಾತು: ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಗಟ್ಟಿ ಆಸರೆಯ ಮೇಲಿಟ್ಟರೆ ಗುಂಡುಗಳು ಚದುರುತ್ತವೆ. ಚೀಲದ ಮೇಲೆ ನಿಮ್ಮ ಅಂಗೈಯಿಟ್ಟು, ಅಂಗೈಯ ಮೇಲೆ ರೈಫಲ್ಲನ್ನು ಸಡಿಲವಾಗಿ ಇಡಿ.

ಇನ್ನು ಕಲ್ಲು ಮೇಜಿನ ಮೇಲೆ ಜಾರುತ್ತದೆ ಎನ್ನುವವರು ಅದರಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿಕೊಳ್ಳಿ.